ನಿಮಿಷಕ್ಕೆ ತೊಂಬತ್ತಾರು

ಭಾನುವಾರ ಬೆಳಿಗ್ಗೆ ಆರು ನಲವತ್ತಕ್ಕೆ ಸೆಲ್ಲೋ ಮೇಡಂ ಫೋನ್ ಮಾಡಿ, ನಿಮಿಷಕ್ಕೆ ನೂರು ಇದ್ದ ಬಡಿತವನ್ನು ತೊಂಬತ್ತಾರಕ್ಕೆ ಇಳಿಸಬೇಕು ಎಂದರು.

"ಬರೀ ನಾಲ್ಕು ಕಮ್ಮಿ ಮಾಡಿ ಸಾಕು. ಆ ವೇಗದಲ್ಲಿ ಪಿಟೀಲಿನವನಿಗೆ ಉಸಿರು ಬಿಡೋಕೆ ಆಗ್ತಿಲ್ಲ."

"ಪಿಟೀಲು ಬಾರಿಸೋಕೆ ಉಸಿರು ಯಾಕೆ ಮೇಡಂ? ಅದೇನು ಕೊಳಲಾ?"

"ವಾದ ಬೇಡ ರೀ. ನಾಲ್ಕು ಗಂಟೆಗೆ ಆಯ್ಕೆ. ಮೂರೂವರೆಗೆ ಹಾಲ್‌ನಲ್ಲಿರಿ."

ಫೋನ್ ಕಟ್ಟಾಯಿತು. ಮೇಡಂ ಶಾಲೆಯಲ್ಲಿ ಗಣಿತ ಹೇಳಿಕೊಡುವವರು. ಫೋನಿನಲ್ಲೂ ಉತ್ತರ ಬಂದ ಕೂಡಲೇ ಕೆಳಗೆ ಗೆರೆ ಎಳೆದುಬಿಡುತ್ತಿದ್ದರು.

ತಂಡದಲ್ಲಿದ್ದವರು ನಾಲ್ವರು. ಮೇಡಂ ನುಡಿಸುತ್ತಿದ್ದುದು ಸೆಲ್ಲೋ, ಅಂದರೆ ಪಿಟೀಲಿನ ದೊಡ್ಡಪ್ಪನಂತಿದ್ದು ನೆಲಕ್ಕೆ ಊರಿಕೊಂಡು ನುಡಿಸುವ ವಾದ್ಯ. ಎಲೆಕ್ಟ್ರಿಕ್ ಗಿಟಾರ್ ಒಬ್ಬ ಹಲ್ಲಿನ ಡಾಕ್ಟರದು. ಪಿಟೀಲು ನಮ್ಮ ಕಥಾನಾಯಕನ ಭಾಮೈದನದು. ನಾಲ್ಕನೆಯವನೇ ನಾಯಕ. ಅವನ ವಾದ್ಯ ಲ್ಯಾಪ್‌ಟಾಪು. ತಂತಿವಾದ್ಯಗಳ ಹಳೆಯ ಶಾಸ್ತ್ರೀಯ ಸಂಗೀತದ ಕೆಳಗೆ ವಿದ್ಯುನ್ಮಾನ ಬಡಿತ ಕೂರಿಸುವುದು ಅವನ ಕೆಲಸ. ನಾಲ್ಕು ವರ್ಷದಿಂದ ಗೋಡೆ ದಾಟಿ ಬರುತ್ತಿದ್ದ ಸದ್ದನ್ನು ಕೇಳಿ ಕೇಳಿ ಕಟ್ಟಡದವರು ಅವನಿಗೆ ಡಬ್‌ಡಬ್ ಎಂದು ಹೆಸರಿಟ್ಟಿದ್ದರು. ಈಚೆಗೆ ಅವನ ಹೆಂಡತಿಯ ಬಾಯಿಗೂ ಅದೇ ಬರುತ್ತಿತ್ತು. ತಂಡದ ಸಂಗೀತ ಕೇಳಿದವರಲ್ಲಿ ಅರ್ಧ ಜನ ಇದು ಒಳ್ಳೆಯ ರಾಕ್ ಎನ್ನುತ್ತಿದ್ದರು. ಉಳಿದವರು, ತೀರಿಕೊಂಡವರು ಯಾರು ಎಂದು ಮೆಲ್ಲಗೆ ವಿಚಾರಿಸುತ್ತಿದ್ದರು.

ನಗರದ ಬಯಲು ರಂಗಮಂದಿರದಲ್ಲಿ ವರ್ಷಕ್ಕೊಮ್ಮೆ ದೊಡ್ಡ ಕಾರ್ಯಕ್ರಮ ನಡೆಯುತ್ತದೆ. ಹೊಸ ತಂಡಗಳಿಗೆ ಅಲ್ಲಿರುವುದು ಒಂದೇ ಜಾಗ. ಇವರು ಮೂರು ವರ್ಷ ಪ್ರಯತ್ನಿಸಿದ್ದರು, ಮೂರು ವರ್ಷವೂ ಆಯ್ಕೆ ಆಗಿರಲಿಲ್ಲ. ಆಯ್ಕೆ ಸಮಿತಿ ಕೊಟ್ಟ ಕಾರಣ ಮೂರು ಸಲವೂ ಅದೇ: "ಬಡಿತದ ಸದ್ದಿನಲ್ಲಿ ತಂತಿವಾದ್ಯಗಳು ಕೇಳಿಸಲಿಲ್ಲ." ಕಳೆದ ತಿಂಗಳು ಮೇಡಂ ಎಲ್ಲರ ಎದುರಿಗೇ ಹೇಳಿದ್ದರು: ಈ ಸಲವೂ ಆಗದಿದ್ದರೆ ಮುಂದಿನ ತಿಂಗಳಿಂದ ತಂಡದಲ್ಲಿ ಮೂರೇ ಕುರ್ಚಿ.

ಡಬ್‌ಡಬ್ ಹೆದರಿರಲಿಲ್ಲ. ವಾರದ ದಿನಗಳಲ್ಲಿ ಅವನು ಲಿಫ್ಟ್ ರಿಪೇರಿ ಮಾಡುವವನು. ಒಂಬತ್ತನೇ ಮಹಡಿಯ ಎತ್ತರದಲ್ಲಿ, ನೇತಾಡುವ ಪೆಟ್ಟಿಗೆಯ ನೆತ್ತಿಯ ಮೇಲೆ ನಿಂತು ಬುತ್ತಿ ಬಿಚ್ಚಿ ಊಟ ಮಾಡುವ ಮನುಷ್ಯನಿಗೆ ತನ್ನ ಕೈಚಳಕದ ಮೇಲೆ ಅನುಮಾನ ಬರುವುದು ಕಷ್ಟ. ನಾಲ್ಕು ಕಮ್ಮಿ ಮಾಡುವುದು ಹತ್ತು ನಿಮಿಷದ ಕೆಲಸ ಎಂದುಕೊಂಡ. ಒಟ್ಟು ಸಾವಿರದ ನೂರು ಬಡಿತ. ಹನ್ನೊಂದು ನಿಮಿಷದ ಸಂಗೀತ ಇನ್ನು ಹನ್ನೊಂದು ನಿಮಿಷ ಇಪ್ಪತ್ತೇಳು ಸೆಕೆಂಡಾಗುತ್ತದೆ. ಸಮಿತಿಯ ಮಿತಿ ಹನ್ನೆರಡು. ಎಲ್ಲ ಸರಿಯಿತ್ತು.

ತೊಂಬತ್ತಾರು ಎಂದು ಒತ್ತಿದ. ಒಂದನ್ನು ಬಿಟ್ಟು ಎಲ್ಲ ಸದ್ದುಗಳೂ ತೆಪ್ಪಗೆ ನಿಧಾನವಾದವು. ಆ ಒಂದು ಹೊಲಿಗೆ ಯಂತ್ರದ್ದು. ಇಡೀ ಸಂಗೀತದ ಬೆನ್ನೆಲುಬು ಅದೇ. ನೆಲಮಹಡಿಯ ಟೈಲರ್ ಮಾಮನ ತುಳಿಯುವ ಮಿಷಿನ್ನಿನ ಸದ್ದನ್ನು ಅವನು ಹಿಂದೊಮ್ಮೆ ರೆಕಾರ್ಡ್ ಮಾಡಿಕೊಂಡಿದ್ದ. ಕಂಪ್ಯೂಟರು ಎಳೆದು ಉದ್ದ ಮಾಡಿದ ಮೇಲೆ ಅದು ನೆಗಡಿಯಾದ ಎಮ್ಮೆಯ ಗೊರಕೆಯಂತೆ ಕೇಳುತ್ತಿತ್ತು.

"ಹಾಗೇ ಬಿಡಿ. ಯಾರಿಗೆ ಗೊತ್ತಾಗುತ್ತೆ?" ಎಂದಳು ಹೆಂಡತಿ.

"ನನಗೆ ಗೊತ್ತಾಗುತ್ತೆ."

"ಅಷ್ಟೇ ತಾನೆ? ನೀವೇನು ಜಡ್ಜಾ?"

ಎಂಟೂ ಕಾಲಿಗೆ ಡಬ್‌ಡಬ್ ಲ್ಯಾಪ್‌ಟಾಪು, ಮೈಕು ಹಿಡಿದುಕೊಂಡು ಮೂರು ಮಹಡಿ ಇಳಿದು ಟೈಲರ್ ಮಾಮನ ಅಂಗಡಿಗೆ ಹೋದ.

"ಮಾಮ, ಒಂದು ನಿಮಿಷ ಮಿಷಿನ್ ಓಡಿಸಿ. ಆದರೆ ನಾನು ಹೇಳಿದ ವೇಗಕ್ಕೆ ತುಳೀಬೇಕು."

ಮಾಮ ಕನ್ನಡಕದ ಮೇಲಿಂದ ನೋಡಿದರು. "ಮೂವತ್ತೊಂದು ವರ್ಷದಿಂದ ತುಳೀತಿದ್ದೀನಿ. ಇಲ್ಲೀತನಕ ನನ್ನ ಕಾಲಿಗೆ ಯಾರೂ ವೇಗ ಹೇಳಿಲ್ಲ. ನಿಮ್ಮ ಅತ್ತೆ ಕೂಡ ಹೇಳಿಲ್ಲ."

"ಹೇಳೋದು ನಾನಲ್ಲ, ಇದು." ಡಬ್‌ಡಬ್ ಹೆಡ್‌ಫೋನ್ ಚಾಚಿದ. ಅದರಲ್ಲಿ ನಿಮಿಷಕ್ಕೆ ತೊಂಬತ್ತಾರು ಸಲ ಟಿಕ್ ಟಿಕ್ ಎನ್ನುತ್ತಿತ್ತು.

"ತೆಗಿ ತೆಗಿ. ಕಿವಿ ಮುಚ್ಚಿದರೆ ಸೂಜಿ ಎಲ್ಲಿದೆ ಅಂತ ಗೊತ್ತಾಗಲ್ಲ. ನಾನು ಹೊಲಿಯೋದೇ ಕಿವೀಲಿ."

ಟಿಕ್ ಟಿಕ್ ಅನ್ನು ಜೋರಾಗಿ ಬಿಟ್ಟರೆ ಮೈಕು ಅದನ್ನೂ ಹಿಡಿಯುತ್ತದೆ. ಮಾಮ ಹೆಡ್‌ಫೋನ್ ಹಾಕುವುದಿಲ್ಲ. ಡಬ್‌ಡಬ್ ತಲೆ ಕೆರೆದುಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಪೇಪರ್ ಹಿಡಿದ ಮಾಸ್ತರು ಕಾಣಿಸಿದರು. ಮೊದಲ ಮಹಡಿಯ ಈ ನಿವೃತ್ತ ಸ್ಟೇಷನ್ ಮಾಸ್ತರು ಕಟ್ಟಡದಲ್ಲಿ ಯಾವ ಸಮಸ್ಯೆಯನ್ನೂ ನಿಲ್ಲಿಸದೆ ಮುಂದಕ್ಕೆ ಬಿಟ್ಟವರಲ್ಲ.

"ಇಷ್ಟೇ ತಾನೇನಪ್ಪಾ? ಟಿಕ್ ಟಿಕ್ ನನಗೆ ಕೇಳಿಸು. ನಾನು ಕೈ ತೋರಿಸ್ತೀನಿ, ಅವನು ತುಳೀತಾನೆ. ಮೂವತ್ತಾರು ವರ್ಷ ಸೆಕೆಂಡ್ ಲೆಕ್ಕದಲ್ಲಿ ರೈಲು ಬಿಟ್ಟಿದ್ದೀನಿ."

ಹೆಡ್‌ಫೋನನ್ನು ಕಿವಿಗಿಟ್ಟ ಕೂಡಲೇ ಅವರ ಶ್ರವಣ ಯಂತ್ರ ಕೀ ಎಂದು ಕಿರುಚಿತು. ಮಾಸ್ತರು ಹೆಡ್‌ಫೋನ್ ಕಿತ್ತು ಕೊಟ್ಟರು. "ಇದು ಬೇಡ. ನೇರ ನನ್ನ ಯಂತ್ರಕ್ಕೇ ಕೊಡು. ಮಗಳು ತಂದುಕೊಟ್ಟಿರೋದು, ಹೊಸಾದು. ಫೋನು, ಟೀವಿ, ಎಲ್ಲ ವೈರಿಲ್ಲದೇ ಹಿಡಿಯುತ್ತೆ."

ಎರಡು ನಿಮಿಷದಲ್ಲಿ ಲ್ಯಾಪ್‌ಟಾಪೂ ಶ್ರವಣ ಯಂತ್ರವೂ ಪರಸ್ಪರ ಗುರುತು ಹಿಡಿದವು. ಮಾಸ್ತರ ಮುಖ ಅರಳಿತು. "ಆಹಾ, ತಲೆಯೊಳಗೇ ಗಡಿಯಾರ ಇಟ್ಟ ಹಾಗಿದೆ."

ಮಾಮ ಇನ್ನೊಂದು ಆಕ್ಷೇಪ ತೆಗೆದರು. ಬಟ್ಟೆಯಿಲ್ಲದೆ ಓಡಿಸಿದರೆ ಮಿಷಿನ್ನಿನ ಹಲ್ಲು ಸವೆಯುತ್ತದಂತೆ. ರಾಶಿಯ ಮೇಲಿದ್ದ ಯಾವುದೋ ಬಟ್ಟೆಯನ್ನು ಎಳೆದು ಸೂಜಿಯ ಕೆಳಗಿಟ್ಟರು.

ಮೊದಲ ಸಲ ಮಾಸ್ತರು ಅಭ್ಯಾಸಬಲದಿಂದ ಎಡಕ್ಕೂ ಬಲಕ್ಕೂ ನೋಡಿ ಖಾತ್ರಿ ಮಾಡಿಕೊಂಡು ಕೈ ಬೀಸಿದರು. ಅಷ್ಟರಲ್ಲಿ ಎಂಟು ಬಡಿತ ಕಳೆದಿತ್ತು. ಎರಡನೇ ಸಲ ಮಾಮ "ಕೈ ಯಾಕೆ ಹಾಗೆ ಅಲ್ಲಾಡಿಸ್ತೀರಿ, ನೊಣ ಓಡಿಸೋ ಹಾಗಿದೆ" ಎಂದರು. ಅದು ರೆಕಾರ್ಡಾಯಿತು. ಮೂರನೇ ಸಲ ಅದಕ್ಕೆ ಮಾಸ್ತರು ಕೊಟ್ಟ ಉತ್ತರ ರೆಕಾರ್ಡಾಯಿತು. ಹೀಗೆ ಹನ್ನೊಂದನೇ ಸಲಕ್ಕೆ, ಹತ್ತು ಗಂಟೆ ಐದು ನಿಮಿಷಕ್ಕೆ, ಅಪ್ಪಟ ತೊಂಬತ್ತಾರರ ಹೊಲಿಗೆ ಸಿಕ್ಕಿತು. ಮೂವರೂ ಕೈ ಕುಲುಕಿಕೊಂಡರು. ಮಾಮ ಬಟ್ಟೆಯನ್ನು ಸೂಜಿಯಿಂದ ಬಿಡಿಸಿ ಕೊಡವಿದರು.

ಅದು ಡಬ್‌ಡಬ್‌ನ ಕಪ್ಪು ಕೋಟು. ಗುರುವಾರ ಒಳಗಿನ ಅಸ್ತರು ಹರಿದಿದೆಯೆಂದು ಕೊಟ್ಟಿದ್ದ, ಇವತ್ತು ವೇದಿಕೆಯ ಮೇಲೆ ತೊಡಬೇಕಾಗಿದ್ದ ಕೋಟು. ಬಲತೋಳು ಎದೆಗೆ ಸೇರಿಹೋಗಿತ್ತು, ಹನ್ನೊಂದು ಸಾಲಿನಲ್ಲಿ. ಹೊಲಿಗೆ ಮಾತ್ರ ಬಹಳ ನೇರವಾಗಿತ್ತು.

"ನಿಂದಾ ಇದು?" ಎಂದರು ಮಾಮ. "ಚೀಟಿ ಬಿದ್ದುಹೋಗಿದೆ ನೋಡು. ಚೀಟಿ ಇಲ್ಲದ ಕೋಟು ನನ್ನ ಮಟ್ಟಿಗೆ ಬರೀ ಬಟ್ಟೆ."

"ಬಿಚ್ಚೋಕೆ ಎಷ್ಟು ಹೊತ್ತಾಗುತ್ತೆ?"

"ನಾನು ಹೊಲಿದದ್ದನ್ನ ಬಿಚ್ಚೋಕಾ? ನಾಳೆ ಸಂಜೆ ಬಾ."

ಬದಲಿಗೆ ಮಾಮ ಆರು ವರ್ಷದಿಂದ ಯಾರೂ ಬಂದು ಒಯ್ಯದಿದ್ದ ಒಂದು ಕಪ್ಪು ಕೋಟು ಕೊಟ್ಟರು. ಅದರ ಒಡೆಯ ಡಬ್‌ಡಬ್‌ಗಿಂತ ಎರಡು ಅಳತೆ ಸಣ್ಣ. ತೊಟ್ಟುಕೊಂಡರೆ ಉಸಿರು ಬಿಡಬಹುದಿತ್ತು, ಎಳೆದುಕೊಳ್ಳುವಂತಿರಲಿಲ್ಲ.

ಮನೆಗೆ ಹತ್ತಿ ಬರುವಷ್ಟರಲ್ಲಿ ಫೋನ್ ಎರಡು ಸಲ ಬಡಿದುಕೊಂಡಿತು. ಡಾಕ್ಟರಿಗೆ ತೊಂಬತ್ತಾರು ತೀರಾ ನಿಧಾನವಂತೆ. "ತೊಂಬತ್ತೆಂಟು ಮಾಡಿ. ನನ್ನ ಕುರ್ಚೀಲಿ ಕೂತೋರು ಕೂಡ ಇದಕ್ಕಿಂತ ಬೇಗ ಬಾಯಿ ತೆರೀತಾರೆ." ಆಮೇಲೆ ಭಾಮೈದ ಗುಟ್ಟಾಗಿ ಮಾತಾಡಿದ. "ಭಾವ, ನೂರೇ ಇರಲಿ. ಮೊನ್ನೆ ಸ್ವರ ತಪ್ಪಿದಾಗ ಮೇಡಂ ಬಯ್ತಾರಲ್ಲ ಅಂತ ಸುಮ್ನೆ ಏದುಸಿರು ಬಿಟ್ಟೆ. ಅವರು ನಿಜ ಅಂದ್ಕೊಂಡುಬಿಟ್ರು."

"ತೊಂಬತ್ತಾರು ಅಂದ್ರೆ ತೊಂಬತ್ತಾರು," ಎಂದು ಡಬ್‌ಡಬ್ ಇಬ್ಬರಿಗೂ ಹೇಳಿದ. ತೋಳೊಂದನ್ನು ಎದೆಗೆ ಹೊಲಿಸಿಕೊಂಡು ಪಡೆದ ಸಂಖ್ಯೆಯನ್ನು ಬಿಟ್ಟುಕೊಡಲು ಅವನು ತಯಾರಿರಲಿಲ್ಲ.

ಎರಡು ಗಂಟೆ ಹತ್ತಕ್ಕೆ ಕೆಲಸ ಮುಗಿಯಿತು. ಸ್ಪೀಕರಿಗೆ ವೈರ್ ಸಿಕ್ಕಿಸಿ ಹಾಕಿ ನೋಡಿದ. ಪಕ್ಕದ ಮನೆಯವರು ಗೋಡೆಗೆ ಮೂರು ಸಲ ಗುದ್ದಿದರು. ಸದ್ದು ಚೆನ್ನಾಗಿ ಬರುತ್ತಿದೆ ಎಂಬುದಕ್ಕೆ ಅದಕ್ಕಿಂತ ಹೆಚ್ಚಿನ ಪುರಾವೆ ಬೇಕಿರಲಿಲ್ಲ.

ಕೆಳಗೆ ಟ್ಯಾಕ್ಸಿಯಲ್ಲಿ ಆಗಲೇ ಇಬ್ಬರು ಕುಳಿತಿದ್ದರು.

"ನೀವೆಲ್ಲಿಗೆ ಮಾಮ?"

"ನನ್ನ ಮಿಷಿನ್ ಮೊದಲ ಸಲ ಸ್ಟೇಜ್ ಹತ್ತುತ್ತಿದೆ. ಅದರ ಮನೆಯವರು ಅಂತ ಒಬ್ಬರಾದ್ರೂ ಬರಬೇಡವಾ?"

ಮಾಸ್ತರು ಕಿಟಕಿಯ ಬದಿ ಹಿಡಿದು ಕುಳಿತಿದ್ದರು. "ನಾನು ಹಸಿರು ಬಾವುಟ ತೋರಿಸಿದ ಗಾಡಿ. ತಲುಪಿದ್ದನ್ನ ನೋಡದೆ ಬಿಡ್ತೀನಾ? ಹೊರಡು, ಹೊರಡು."

ಹಾಲ್‌ನಲ್ಲಿ ಮೂರು ನಲವತ್ತಕ್ಕೆ ಸದ್ದಿನ ಪರೀಕ್ಷೆ ನಡೆಯಿತು. ಸೌಂಡಿನವನು ವೈರ್ ಸಿಕ್ಕಿಸಿದ, ಡಬ್‌ಡಬ್ ಒತ್ತಿದ, ಕಿಟಕಿಯ ಗಾಜು ನಡುಗಿತು. ಸೌಂಡಿನವನು ಹೆಬ್ಬೆರಳೆತ್ತಿದ. ಸೆಲ್ಲೋ ಮೇಡಂ ಮಾತ್ರ ಹೆಬ್ಬೆರಳೆತ್ತಲಿಲ್ಲ. "ನೆನಪಿದೆಯಲ್ಲ?" ಎಂದರು.

"ಇವತ್ತು ನೋಡ್ತಿರಿ ಮೇಡಂ," ಎಂದ ಡಬ್‌ಡಬ್.

ಮೊದಲ ಸಾಲಿನಲ್ಲಿ ಸಮಿತಿಯ ಮೂವರಿದ್ದರು: ಒಬ್ಬ ಹಿರಿಯ ಗಾಯಕಿ, ಒಬ್ಬ ಉದ್ದಕೂದಲ ಡ್ರಮ್ಮಿನವನು, ಒಬ್ಬ ವಿಮರ್ಶಕ. ವಿಮರ್ಶಕ ನಕ್ಕದ್ದನ್ನು ಕಂಡವರಿರಲಿಲ್ಲ. ಅವರ ಬೆನ್ನಿಗೇ ಎರಡನೇ ಸಾಲಿನಲ್ಲಿ ಮಾಸ್ತರೂ ಟೈಲರ್ ಮಾಮನೂ ಬಂದು ಕುಳಿತರು. ನಿಯಮ ಒಂದೇ. ಒಮ್ಮೆ ಶುರುವಾದರೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದವರು ಸ್ಪರ್ಧೆಯಿಂದ ಹೊರಗೆ.

ನಾಲ್ಕು ಇಪ್ಪತ್ತೆರಡಕ್ಕೆ ಇವರ ಸರದಿ ಬಂತು. ಡಬ್‌ಡಬ್ ಕೋಟಿನೊಳಗಿಂದ ಕೈ ಚಾಚಿ ಗುಂಡಿ ಒತ್ತಿದ.

ಪರದೆಯ ಮೇಲೆ ಗೆರೆ ಓಡತೊಡಗಿತು. ಹಸಿರು ಕಂಬಗಳು ಏರಿದವು, ಇಳಿದವು. ಹಾಲ್‌ನಲ್ಲಿ ಮಾತ್ರ ಸೂಜಿ ಬಿದ್ದರೂ ಕೇಳುವಂಥ ಮೌನ. ಡಬ್‌ಡಬ್ ಸದ್ದು ಹೆಚ್ಚಿಸುವ ಗುಂಡಿಯನ್ನು ಕೊನೆಯವರೆಗೆ ತಳ್ಳಿದ. ಹಾಲ್‌ನಲ್ಲಿ ಏನೂ ಆಗಲಿಲ್ಲ, ಎರಡನೇ ಸಾಲಿನಲ್ಲಿ ಮಾಸ್ತರು ಕಿವಿಗೆ ಕೈಯಿಟ್ಟುಕೊಂಡು ಸ್ಪ್ರಿಂಗಿನಂತೆ ಎದ್ದು ನಿಂತದ್ದು ಬಿಟ್ಟರೆ. ಅವರು ಮತ್ತೆ ಕುಳಿತು, ಕಣ್ಣು ಮುಚ್ಚಿ ತಲೆದೂಗತೊಡಗಿದರು. ಯಾವುದಕ್ಕೆ ತಲೆದೂಗುತ್ತಿದ್ದಾರೆ ಎಂದು ಯೋಚಿಸಲು ಡಬ್‌ಡಬ್‌ಗೆ ಪುರಸೊತ್ತಿರಲಿಲ್ಲ. ಸೌಂಡಿನವನ ಕಡೆ ತಿರುಗಿದ. ಅವನು ಎರಡೂ ಕೈ ಅಲ್ಲಾಡಿಸಿದ: ಏನೂ ಬರ್ತಿಲ್ಲ.

ಬಡಿತ ಶುರುವಾಗಿ ಮೂವತ್ತೆರಡು ಎಣಿಸಿದ ಮೇಲೆ ತಂತಿವಾದ್ಯಗಳು ಸೇರಬೇಕು. ಬಡಿತವೇ ಇರಲಿಲ್ಲ. ಗಣಿತದ ಮೇಡಂ ಮನಸ್ಸಿನಲ್ಲೇ ಮೂವತ್ತೆರಡು ಎಣಿಸಿ, ಸರಿಯಾಗಿ ಇಪ್ಪತ್ತು ಸೆಕೆಂಡಿಗೆ ಕಮಾನನ್ನು ತಂತಿಯ ಮೇಲಿಟ್ಟರು. ಭಾಮೈದ ಅವರ ಬೆನ್ನಿಗೇ ಸೇರಿಕೊಂಡ. ಡಾಕ್ಟರು, ನೋವು ಮರೆಸುವ ಸೂಜಿ ಚುಚ್ಚುವಷ್ಟು ಮೆತ್ತಗೆ ಗಿಟಾರು ಮುಟ್ಟಿದರು.

ಡಬ್‌ಡಬ್ ಒಂದು ವೈರು ಕಿತ್ತು ಸಿಕ್ಕಿಸಿದ. ಇನ್ನೊಂದನ್ನು ಊದಿ ಸಿಕ್ಕಿಸಿದ. ಮೇಜಿನ ಹಿಂದಕ್ಕೆ ಬಾಗಿದಾಗ ಕೋಟಿನ ಬೆನ್ನು ಪರ್ರನೆ ಹರಿಯಿತು. ಆ ಸಂಜೆ ಅವನಿಂದ ಹಾಲ್‌ಗೆ ಕೇಳಿಸಿದ ಸದ್ದು ಅದೊಂದೇ. ತಲೆ ಎತ್ತಿದಾಗ ಮೇಡಂ ಕಣ್ಣು ಬಿದ್ದಿತ್ತು. ಪರೀಕ್ಷೆಯಲ್ಲಿ ಚೀಟಿ ತೆಗೆದವನನ್ನು ಅವರು ನೋಡುವ ನೋಟ: ಮುಟ್ಟಬೇಡ, ಕೂತ್ಕೊ.

ಒಂದನೇ ನಿಮಿಷ ಮುಗಿಯುವ ಹೊತ್ತಿಗೆ ಡಬ್‌ಡಬ್ ಎರಡೂ ಕೈಯನ್ನು ಮೊಣಕಾಲ ಮೇಲಿಟ್ಟು ಕುಳಿತ. ಪರದೆಯ ಮೇಲೆ ಗೆರೆ ಓಡುತ್ತಲೇ ಇತ್ತು. ಅವನು ಅದನ್ನೇ ನೋಡುತ್ತಿದ್ದ, ಪ್ಲಾಟ್‌ಫಾರ್ಮಿನಲ್ಲಿ ನಿಂತು ತನ್ನ ಸಾಮಾನು ಮಾತ್ರ ಹತ್ತಿದ ರೈಲನ್ನು ನೋಡುವವನ ಹಾಗೆ. ಎಂಟನೇ ನಿಮಿಷದ ಆಸುಪಾಸಿನಲ್ಲಿ ಸೆಲ್ಲೋದ ಕೆಳಸ್ವರದಲ್ಲಿ ಒಂದು ಎಳೆ ಮೇಲೆದ್ದು ಪಿಟೀಲನ್ನು ಹೆಗಲ ಮೇಲೆ ಎತ್ತಿಕೊಂಡಂತೆ ಕೇಳಿಸಿತು. ಇದನ್ನು ಯಾವಾಗ ಸೇರಿಸಿದರು ಎಂದುಕೊಂಡ. ಸೇರಿಸಿ ನಾಲ್ಕು ವರ್ಷವಾಗಿತ್ತು. ಅವನು ಕೇಳಿದ್ದು ಅದೇ ಮೊದಲು. ಬಹಳ ಚೆನ್ನಾಗಿತ್ತು. ಅವನ ಎದೆ ಧಸಕ್ಕೆಂದದ್ದು ಅದಕ್ಕೇ.

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಮಾಸ್ತರು. "ಭೇಷ್ ಡಬ್‌ಡಬ್! ಭೇಷ್!"

ಹೊರಗಿನ ಪಡಸಾಲೆಯಲ್ಲಿ ಟೈಲರ್ ಮಾಮ ಸಿಡಿದುಬಿದ್ದರು. "ಎಲ್ಲಯ್ಯಾ ನನ್ನ ಮಿಷಿನ್ನು? ಹನ್ನೊಂದು ಸಲ ತುಳಿಸಿದೆ, ಒಂದು ಹೊಲಿಗೆ ಕೇಳಿಸಿದೆಯಾ?"

"ಕೇಳಿಸಲಿಲ್ಲ ಅಂದ್ರೆ?" ಮಾಸ್ತರು ನಡುವೆ ಬಂದರು. "ಮೊದಲಿಂದ ಕೊನೇತನಕ ನಿನ್ನ ಮಿಷಿನ್ನೇ. ಟಕಟಕ ಟಕಟಕ. ಕಿವಿ ಕಿತ್ತುಹೋಗೋ ಹಾಗಿತ್ತು."

"ಯಾವ ಕಿವಿ?"

"ಈ ಕಿವಿ!"

ಮಾಸ್ತರು ತಮ್ಮ ಬಲಗಿವಿ ತೋರಿಸಿದರು. ಡಬ್‌ಡಬ್ ಆ ಕಿವಿಯನ್ನು ನೋಡಿದ. ಅದರಲ್ಲಿ ಕೂತಿದ್ದ ಹೊಸ ಯಂತ್ರವನ್ನು ನೋಡಿದ. ಕಂಕುಳಲ್ಲಿದ್ದ ಲ್ಯಾಪ್‌ಟಾಪನ್ನು ನೋಡಿದ.

"ಸಾರ್, ಸದ್ದಿನ ಪರೀಕ್ಷೆ ಮಾಡುವಾಗ ನೀವೆಲ್ಲಿದ್ರಿ?"

"ಇಲ್ಲೇ ಇದ್ದೆ. ಟ್ಯಾಕ್ಸೀಲಿ ಹಾರ್ನ್ ಕಾಟ ಅಂತ ಇದನ್ನ ಆರಿಸಿದ್ದೆ. ನಿಮ್ಮ ಸರದಿ ಬಂದಾಗ ಹಾಕ್ಕೊಂಡೆ. ಹಾಕಿದ ತಕ್ಷಣ ಬಂತು ನೋಡು!"

ಬೆಳಿಗ್ಗೆ ಪರಿಚಯವಾದ ಯಂತ್ರ ಏಳು ಮೀಟರ್ ದೂರದಲ್ಲಿ ಎಚ್ಚರಗೊಂಡದ್ದೇ ಲ್ಯಾಪ್‌ಟಾಪು ಹಾಲ್‌ನ ಸ್ಪೀಕರುಗಳನ್ನು ಕೈಬಿಟ್ಟು, ಇಡೀ ಸಂಗೀತವನ್ನು ಮಾಸ್ತರ ಕಿವಿಗೆ ಸುರಿದಿತ್ತು.

"ಒಂದೇ ಒಂದು ಲೋಪ," ಮಾಸ್ತರು ಗಡಿಯಾರ ನೋಡಿದರು. "ನಿನ್ನದು ಸರಿಯಾದ ಹೊತ್ತಿಗೆ ಬಂದು ನಿಂತಿತು. ಆ ಮೂವರು ಆಮೇಲೂ ಹದಿನಾಲ್ಕು ಸೆಕೆಂಡ್ ಎಳೀತಾನೇ ಇದ್ರು. ಲೇಟು."

ಮೇಡಂ ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದರು. "ಅಂದ್ರೆ ಇನ್ನೂರು ಜನರ ಹಾಲ್‌ನಲ್ಲಿ ನಿಮ್ಮ ಬಡಿತ ಕೇಳಿದ್ದು ಒಬ್ಬರಿಗೆ."

"ಆ ಒಬ್ಬರಿಗೆ ಇಷ್ಟ ಆಯ್ತಲ್ಲ ಮೇಡಂ," ಎಂದ ಡಬ್‌ಡಬ್. ಮಾತು ಗಟ್ಟಿಯಾಗಿಯೇ ಬಂತು. ಹರಿದ ಕೋಟಿನ ಬೆನ್ನಿಗೆ ಗಾಳಿ ಹೊಡೆಯುತ್ತಿತ್ತು.

ಐದು ಹತ್ತಕ್ಕೆ ಎಲ್ಲರನ್ನೂ ಒಳಗೆ ಕರೆದರು. ವಿಮರ್ಶಕ ಎದ್ದು ನಿಂತು ಹಾಳೆ ಬಿಡಿಸಿದ. ಆಯ್ಕೆಯಾದದ್ದು ಇವರದೇ ತಂಡ. ಭಾಮೈದ "ಭಾವಾ!" ಎಂದು ಕಿರುಚಿದ. ಡಬ್‌ಡಬ್ ಕಿರುಚಲಿಲ್ಲ.

"ನಾಲ್ಕು ವರ್ಷದಲ್ಲಿ ಮೊದಲ ಸಲ," ವಿಮರ್ಶಕ ಓದಿದ, "ಈ ತಂಡದ ತಂತಿವಾದ್ಯಗಳು ಸ್ಪಷ್ಟವಾಗಿ ಕೇಳಿಸಿದವು."

ಮೇಡಂ ಡಬ್‌ಡಬ್ ಕಡೆ ನೋಡಲಿಲ್ಲ. ನೋಡದಿರುವುದು ನೋಡುವುದಕ್ಕಿಂತ ಕೆಟ್ಟದಾಗಿತ್ತು. ಅವನು ಲ್ಯಾಪ್‌ಟಾಪಿನ ವೈರನ್ನು ಸುತ್ತತೊಡಗಿದ. ಮುಂದಿನ ತಿಂಗಳಿಂದ ಮೂರು ಕುರ್ಚಿ.

ವಿಮರ್ಶಕ ಹಾಳೆ ಮಗುಚಿದ. "ಆದರೆ ಚೆನ್ನಾಗಿ ನುಡಿಸುವವರು ಬೇರೆ ತಂಡಗಳಲ್ಲೂ ಇದ್ದರು. ನಮ್ಮ ನಿರ್ಧಾರಕ್ಕೆ ಕಾರಣ ನಾಲ್ಕನೇ ಕಲಾವಿದ. ಯಂತ್ರದ ಮುಂದೆ ಒಬ್ಬ ಮನುಷ್ಯ. ಒಂದು ನಿಮಿಷ ಅದರೊಂದಿಗೆ ಹೋರಾಡುತ್ತಾನೆ. ಉಸಿರುಗಟ್ಟಿಸುವ ಉಡುಪು ಅವನ ಬೆನ್ನ ಮೇಲೇ ಹರಿಯುತ್ತದೆ. ಆಮೇಲೆ ಹತ್ತು ನಿಮಿಷ, ಕೈಚೆಲ್ಲಿ, ಅಲ್ಲಾಡದೆ ಕೂರುತ್ತಾನೆ. ಪಕ್ಕದಲ್ಲೇ ಸಂಗೀತ ಹರಿಯುತ್ತಿರುತ್ತದೆ, ಅವನಿಗೆ ಮಾತ್ರ ಪಾಲಿಲ್ಲ. ಇಷ್ಟು ದಿಟ್ಟ ಮೌನವನ್ನು ನಾನು ಯಾವ ವೇದಿಕೆಯ ಮೇಲೂ ಕೇಳಿಲ್ಲ."

ಹಿರಿಯ ಗಾಯಕಿ ಕಣ್ಣೊರೆಸಿಕೊಂಡರು. "ಆ ಮುಖ! ಅದನ್ನ ನಟಿಸೋಕೆ ಎಷ್ಟು ವರ್ಷದ ಸಾಧನೆ ಬೇಕೋ."

"ಒಂದೇ ಷರತ್ತು," ಎಂದ ವಿಮರ್ಶಕ. "ದೊಡ್ಡ ಕಾರ್ಯಕ್ರಮದಲ್ಲೂ ಇದು ಹೀಗೇ ಇರಬೇಕು. ಒಂದೇ ಒಂದು ಬಡಿತವೂ ಕೂಡದು."

ಡಬ್‌ಡಬ್ ಎದ್ದು ನಿಂತ. "ಸಾರ್, ನನ್ನ ಹತ್ರ ಬಡಿತ ಇದೆ. ಇಲ್ಲೇ ಇದೆ, ತೊಂಬತ್ತಾರು. ಈಗಲೇ ಕೇಳಿಸ್ತೀನಿ, ಒಂದೇ ನಿಮಿಷ..."

"ಬೇಡ!" ಎಂದರು ಸಮಿತಿಯ ಮೂವರು. ಸೆಲ್ಲೋ ಮೇಡಂ ದನಿಯೂ ಅದರಲ್ಲಿ ಸೇರಿತ್ತು.

ಮೆಟ್ಟಿಲಿಳಿಯುವಾಗ ಮೇಡಂ ನಾಲ್ಕು ವರ್ಷದಲ್ಲಿ ಮೊದಲ ಸಲ ಅವನ ಭುಜ ತಟ್ಟಿದರು. "ನಿಮ್ಮ ಕುರ್ಚಿ ಇನ್ನು ಖಾಯಂ ರೀ."

"ಕುರ್ಚಿ ಮಾತ್ರನಾ ಮೇಡಂ?"

"ಕುರ್ಚಿ ಮಾತ್ರ."

ಮರುದಿನ ಸಂಜೆಯಿಂದ ಅಭ್ಯಾಸ ಶುರುವಾಯಿತು. ಬುಧವಾರ, ಏಳನೇ ನಿಮಿಷದಲ್ಲಿ ಡಬ್‌ಡಬ್ ಮೂಗು ತುರಿಸಿಕೊಂಡ. ಸೆಲ್ಲೋ ಮೇಡಂ ಕಮಾನು ಕೆಳಗಿಟ್ಟು, ಎಲ್ಲರಿಂದಲೂ ಮೊದಲಿಂದ ಶುರು ಮಾಡಿಸಿದರು.